ರಕ್ತದಲ್ಲಿ ಕೊಲೆಸ್ಟ್ರಾಲ್ ಹೇಗೆ ಸಾಗುತ್ತದೆ? – ಸಂಘದ ಸಭೆಗೊಂದು ಆರೋಗ್ಯ ಪಾಠ



ಸಂಘದ ಸಭೆಯಲ್ಲಿ ಉಳಿತಾಯ, ಸಾಲ, ಮರುಪಾವತಿ ಎಲ್ಲ ಮುಗಿದ ಮೇಲೆ ಆರೋಗ್ಯದ ಮಾತು ಬಂದೇ ಬರುತ್ತದೆ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಸಂಘಗಳಿಗೆ ಹೋದಾಗ ನಾವು ಈಗ ಹೆಚ್ಚಾಗಿ ಕೇಳುವ ಪದ ಕೊಲೆಸ್ಟ್ರಾಲ್. "ನನಗೆ ಕೊಲೆಸ್ಟ್ರಾಲ್ ಇದೆಯಂತೆ" ಎಂದು ಒಬ್ಬರು ಹೆದರಿಕೊಂಡು ಹೇಳುತ್ತಾರೆ. "ನಾನು ಸಣ್ಣಗಿದ್ದೀನಲ್ಲ, ನನಗೇನೂ ಇಲ್ಲ" ಅಂತ ಇನ್ನೊಬ್ಬರು ನಗುತ್ತಾರೆ. "ರಿಪೋರ್ಟ್ ನಾರ್ಮಲ್ ಬಂತು, ಮಾತ್ರೆ ಬಿಟ್ಟುಬಿಟ್ಟೆ" ಎನ್ನುವವರು ಪ್ರತಿ ಸಂಘದಲ್ಲೂ ಒಬ್ಬರಾದರೂ ಇರುತ್ತಾರೆ. ಈ ಮೂರು ಮಾತುಗಳಲ್ಲೂ ತಪ್ಪು ತಿಳುವಳಿಕೆ ಇದೆ. ಮೂರನೆಯದು ಜೀವಕ್ಕೇ ಅಪಾಯ ತರಬಹುದು.

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಮೇಲೊಂದು ಬಂದಾಗ, ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಪರೀಕ್ಷೆಗಾಗಿ ಜನ ಸಾಲುಗಟ್ಟಿ ನಿಂತದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಹೆದರಿಕೆಯಿಂದ ಒಂದು ದಿನ ಓಡುವುದಕ್ಕಿಂತ ತಿಳಿದುಕೊಂಡು ವರ್ಷವಿಡೀ ಎಚ್ಚರವಾಗಿರುವುದು ಮೇಲು. ಆದ್ದರಿಂದ ಈ ಸಲದ ಪಾಠದಲ್ಲಿ ಕೊಲೆಸ್ಟ್ರಾಲ್ ಎಂದರೇನು, ನಮ್ಮ ದೇಹಕ್ಕೆ ಅದು ಯಾಕೆ ಬೇಕು, ರಕ್ತದಲ್ಲಿ ಹೇಗೆ ಓಡಾಡುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಕ್ರಮವಾಗಿ ನೋಡೋಣ.

1. ಕೊಲೆಸ್ಟ್ರಾಲ್ ನಮಗೆ ಯಾಕೆ ಬೇಕು?

ಕೊಲೆಸ್ಟ್ರಾಲ್ ಎಂದರೆ ಮೇಣದಂತಹ ಒಂದು ಕೊಬ್ಬಿನ ವಸ್ತು. ಅದು ಹೊರಗಿನಿಂದ ಬಂದ ವಿಷ ಅಲ್ಲ. ಒಂದು ತುತ್ತೂ ಕೊಬ್ಬು ತಿನ್ನದಿದ್ದರೂ ನಮ್ಮ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹೆಚ್ಚಿನ ಜನರ ದೇಹದಲ್ಲಿ ಊಟದಿಂದ ಬರುವ ಕೊಲೆಸ್ಟ್ರಾಲಿಗಿಂತ ದೇಹವೇ ತಯಾರಿಸುವ ಪ್ರಮಾಣ ಬಹಳ ಜಾಸ್ತಿ. ಇದರಲ್ಲಿ ಲಿವರ್, ಅಂದರೆ ಪಿತ್ತಜನಕಾಂಗದ ಪಾಲು ದೊಡ್ಡದು.

ಇದರ ಕೆಲಸಗಳು ಹಲವು. ಹೆಣ್ಣುಮಕ್ಕಳ ಮುಟ್ಟು, ಬಸಿರು ಇವನ್ನು ನಡೆಸುವ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ತಯಾರಾಗುವುದು ಕೊಲೆಸ್ಟ್ರಾಲಿನಿಂದ. ಬಿಸಿಲು ಬಿದ್ದಾಗ ಚರ್ಮದಲ್ಲಿ ಡಿ ವಿಟಮಿನ್ ಉಂಟಾಗುವುದು ಅದರ ಒಡನಾಡಿ ವಸ್ತುವಿನಿಂದ. ಊಟದ ಜಿಡ್ಡು ಜೀರ್ಣವಾಗಲು ಬೇಕಾದ ಪಿತ್ತರಸದ ಆಮ್ಲಗಳೂ ಅದರಿಂದಲೇ. ನಮ್ಮ ಮಿದುಳಿನಲ್ಲಿ ಇಡೀ ದೇಹದ ಕೊಲೆಸ್ಟ್ರಾಲಿನ ಸುಮಾರು ಐದನೇ ಒಂದು ಭಾಗ ಇರುತ್ತದೆ. ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ. ನಮ್ಮ ದೇಹ ಕೋಟಿ ಕೋಟಿ ಜೀವಕೋಶಗಳಿಂದ ಆಗಿದೆ. ಪ್ರತಿ ಜೀವಕೋಶದ ಸುತ್ತಲೂ ಒಂದು ತೆಳುವಾದ ಪೊರೆ ಇರುತ್ತದೆ. ಬೇಕಾದ್ದನ್ನು ಒಳಗೆ ಬಿಟ್ಟು, ಬೇಡವಾದ್ದನ್ನು ಹೊರಗೆ ನಿಲ್ಲಿಸುವುದು ಆ ಪೊರೆ. ಆ ಪೊರೆ ಸರಿಯಾಗಿರಬೇಕಾದರೆ ಕೊಲೆಸ್ಟ್ರಾಲ್ ಇರಲೇಬೇಕು.

2. ಪೊರೆಯೊಳಗೆ ಅದು ಮಾಡುವ ಕೆಲಸ

ಡಿಸೆಂಬರ್ ತಿಂಗಳ ಬೆಂಗಳೂರಿನ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಬೆಳ್ಳಗಾಗುತ್ತದೆ. ಪಕ್ಕದಲ್ಲೇ ಇರುವ ಕಡಲೆಕಾಯಿ ಎಣ್ಣೆ ತೆಳ್ಳಗೇ ಇರುತ್ತದೆ. ಯಾಕೆ? ಕೊಬ್ಬರಿ ಎಣ್ಣೆಯ ಕೊಬ್ಬಿನ ಎಳೆಗಳು ನೆಟ್ಟಗಿರುತ್ತವೆ. ಕಟ್ಟಿಗೆ ಹೊರೆಯಂತೆ ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ, ಗಟ್ಟಿಯಾಗುತ್ತವೆ. ಕಡಲೆಕಾಯಿ ಎಣ್ಣೆಯ ಹೆಚ್ಚಿನ ಎಳೆಗಳು ನಡುವೆ ಬಾಗಿರುತ್ತವೆ. ಬಾಗಿದ ಕಡ್ಡಿಗಳನ್ನು ಒತ್ತಾಗಿ ಜೋಡಿಸಲು ಆಗುವುದಿಲ್ಲ ಅಲ್ಲವೇ? ಅದಕ್ಕೇ ಅದು ಹರಿಯುತ್ತದೆ.

ಜೀವಕೋಶದ ಪೊರೆಯೂ ಇಂತಹ ಎಳೆಗಳಿಂದಲೇ ಆಗಿದೆ. ಎರಡು ಪದರ. ಎಳೆಗಳ ತಲೆ ನೀರಿನ ಕಡೆಗೆ, ಬಾಲ ಒಳಗಡೆಗೆ. ಈ ಪೊರೆ ಕೊಬ್ಬರಿ ಎಣ್ಣೆಯಂತೆ ಗಟ್ಟಿಯಾದರೆ ಜೀವಕೋಶದ ಕೆಲಸ ನಿಲ್ಲುತ್ತದೆ. ತೀರಾ ತೆಳ್ಳಗಾದರೆ ಒಳಗಿನದು ಹೊರಗೆ ಸೋರುತ್ತದೆ. ಎರಡೂ ಆಗಬಾರದು.

ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ನೆನೆಸಿಕೊಳ್ಳಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜನರ ನಡುವೆ ಅಲ್ಲಲ್ಲಿ ಸ್ವಯಂಸೇವಕರು ಗಟ್ಟಿಯಾಗಿ ನಿಂತಿದ್ದಾರೆ ಎಂದಿಟ್ಟುಕೊಳ್ಳಿ. ಜನ ನುಗ್ಗುವಾಗ ಅವರು ತಡೆದು ನಿಧಾನ ಮಾಡುತ್ತಾರೆ. ಜನ ಒಬ್ಬರಿಗೊಬ್ಬರು ಅಂಟಿಕೊಂಡು ಅಲುಗಾಡಲಾರದೆ ನಿಂತಾಗ ಮಧ್ಯೆ ಸ್ವಲ್ಪ ಸಂದು ಉಳಿಸುತ್ತಾರೆ. ಪೊರೆಯಲ್ಲಿ ಕೊಲೆಸ್ಟ್ರಾಲ್ ಮಾಡುವುದೂ ಇದನ್ನೇ. ಅದರ ಒಂದು ತುದಿ ನೀರಿನ ಕಡೆಗೆ ಮುಖ ಮಾಡುತ್ತದೆ. ಉಳಿದ ಚಪ್ಪಟೆಯಾದ, ಬಿಗಿಯಾದ ಭಾಗ ಕೊಬ್ಬಿನ ಎಳೆಗಳ ನಡುವೆ ತೂರಿಕೊಳ್ಳುತ್ತದೆ. ಬೆಚ್ಚಗಿದ್ದಾಗ ಎಳೆಗಳ ಓಡಾಟವನ್ನು ಹಿಡಿದಿಡುತ್ತದೆ. ತಣ್ಣಗಾದಾಗ ಎಳೆಗಳು ಒತ್ತಿಕೊಂಡು ಹೆಪ್ಪುಗಟ್ಟದಂತೆ ತಡೆಯುತ್ತದೆ. ಸಣ್ಣ ಸಂದುಗಳನ್ನು ತುಂಬಿ ಸೋರಿಕೆಯನ್ನೂ ಕಡಿಮೆ ಮಾಡುತ್ತದೆ.

ಇದನ್ನು ಅಭ್ಯಾಸ ಮಾಡಿದವರು ನಮ್ಮ ಊರಿನಲ್ಲೇ ಇದ್ದಾರೆ ಎನ್ನುವುದು ನಮಗೆ ಹೆಮ್ಮೆಯ ವಿಷಯ. ಮಲ್ಲೇಶ್ವರದಿಂದ ಮೇಖ್ರಿ ವೃತ್ತದ ಕಡೆಗೆ ಹೋದರೆ ಸಿಗುವ, ಸರ್ ಸಿ.ವಿ. ರಾಮನ್ ಅವರು 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ವಿ.ಎ. ರಘುನಾಥನ್ ಮತ್ತು ಅವರ ಜೊತೆಗಾರರು ಕೊಲೆಸ್ಟ್ರಾಲ್ ಬೆರೆಸಿದ ಪೊರೆಗಳ ಮೇಲೆ ಕ್ಷ-ಕಿರಣ ಹಾಯಿಸಿ, ಆ ಪದರಗಳು ಅಲೆಯಾಕಾರದಲ್ಲಿ ಜೋಡಣೆಯಾಗುವ ಒಂದು ಸ್ಥಿತಿಯನ್ನು 2003ರಲ್ಲಿ ವರದಿ ಮಾಡಿದರು. ಜಿ.ಕೆ.ವಿ.ಕೆ. ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಮತ್ತು ರಜತ್ ವರ್ಮ ಅವರು 1998ರಲ್ಲಿ, ಜೀವಕೋಶದ ಮೇಲ್ಮೈಯಲ್ಲಿ ಕೆಲವು ಪ್ರೋಟೀನುಗಳು ಪುಟ್ಟ ಪುಟ್ಟ ಗುಂಪುಗಳಾಗಿ ಇರುತ್ತವೆಂದೂ, ಪೊರೆಯ ಕೊಲೆಸ್ಟ್ರಾಲ್ ತೆಗೆದರೆ ಆ ಗುಂಪುಗಳು ಚದುರಿಹೋಗುತ್ತವೆಂದೂ ತೋರಿಸಿದರು. ಗುಂಪಿನ ಬಲ ಏನೆಂದು ಸ್ವಸಹಾಯ ಸಂಘದವರಾದ ನಮಗೆ ಬೇರೆಯಾಗಿ ಹೇಳಬೇಕಾಗಿಲ್ಲ!

ಹಾಗಾದರೆ "ನನಗೆ ಕೊಲೆಸ್ಟ್ರಾಲ್ ಇದೆ" ಎನ್ನುವ ಮಾತಿಗೆ ಅರ್ಥವೇ ಇಲ್ಲ. ಅದು ಎಲ್ಲರಿಗೂ ಇದೆ, ಇರಬೇಕು. ರಕ್ತದಲ್ಲಿ ಅದು ಎಷ್ಟಿದೆ, ಯಾವ ಗಾಡಿಯಲ್ಲಿದೆ ಎಂಬುದೇ ಪ್ರಶ್ನೆ.

3. ರಕ್ತದಲ್ಲಿ ಓಡುವ ಗಾಡಿಗಳು

ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುವುದನ್ನು ದಿನಾ ನೋಡುತ್ತೇವೆ. ಎಣ್ಣೆಗೂ ನೀರಿಗೂ ಸೇರುವುದಿಲ್ಲ. ರಕ್ತದ ಹೆಚ್ಚಿನ ಭಾಗ ನೀರು. ಕೊಲೆಸ್ಟ್ರಾಲ್ ಜಿಡ್ಡು. ಹಾಗೆಯೇ ಬಿಟ್ಟರೆ ಅದು ರಕ್ತದಲ್ಲಿ ಸಾಗಲಾರದು. ಅದಕ್ಕೆ ದೇಹ ಒಂದು ಉಪಾಯ ಮಾಡಿದೆ. ಜಿಡ್ಡನ್ನು ಒಳಗಿಟ್ಟು, ನೀರಿಗೆ ಹೊಂದುವ ಹೊದಿಕೆಯನ್ನು ಹೊರಗೆ ಸುತ್ತಿ, ಅದರ ಮೇಲೆ ಪ್ರೋಟೀನಿನ ಒಂದು ವಿಳಾಸ ಚೀಟಿಯನ್ನೂ ಅಂಟಿಸಿ ಕಳಿಸುತ್ತದೆ. ಕೊಬ್ಬು ಮತ್ತು ಪ್ರೋಟೀನು ಸೇರಿದ ಈ ಪೊಟ್ಟಣಗಳಿಗೆ ಲಿಪೋಪ್ರೋಟೀನ್ ಎಂದು ಹೆಸರು. ಕೆ.ಆರ್. ಮಾರ್ಕೆಟ್ಟಿನಿಂದ ನಮ್ಮ ಬಡಾವಣೆಗಳಿಗೆ ಸರಕು ಹೊತ್ತು ಬರುವ ಗಾಡಿಗಳಂತೆ ಇವು. ಮುಖ್ಯವಾಗಿ ನಾಲ್ಕು ಬಗೆ.

ಮೊದಲನೆಯದು ಕೈಲೋಮೈಕ್ರಾನ್. ನಾವು ತಿಂದ ಕೊಬ್ಬನ್ನು ಕರುಳಿನಿಂದ ಹೊತ್ತು ಬರುವ ದೊಡ್ಡ ಲಾರಿ. ಊಟವಾದ ಕೆಲವು ಗಂಟೆಗಳ ಕಾಲ ಓಡಾಡಿ, ಸರಕು ಇಳಿಸಿ, ಉಳಿದದ್ದನ್ನು ಲಿವರಿಗೆ ಒಪ್ಪಿಸುತ್ತದೆ.

ಎರಡನೆಯದು ವಿ.ಎಲ್.ಡಿ.ಎಲ್. ಲಿವರ್ ತಾನೇ ತುಂಬಿ ಕಳಿಸುವ ಗಾಡಿ. ಅದರಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚು. ಅನ್ನ, ಸಕ್ಕರೆ, ಮೈದಾ ಜಾಸ್ತಿ ತಿಂದಾಗ ಲಿವರ್ ಹೆಚ್ಚಾದ ಪಿಷ್ಟವನ್ನೂ ಕೊಬ್ಬಾಗಿ ಬದಲಾಯಿಸಿ ಈ ಗಾಡಿಗೆ ಏರಿಸುತ್ತದೆ. "ನಾವು ಎಣ್ಣೆ ತಿನ್ನೋದೇ ಇಲ್ಲ, ಆದರೂ ಟ್ರೈಗ್ಲಿಸರೈಡ್ ಹೆಚ್ಚು ಯಾಕೆ?" ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಮೂರನೆಯದು ಎಲ್.ಡಿ.ಎಲ್. ಎರಡನೇ ಗಾಡಿ ದಾರಿಯಲ್ಲಿ ಟ್ರೈಗ್ಲಿಸರೈಡ್ ಇಳಿಸುತ್ತಾ ಹೋದಂತೆ ಚಿಕ್ಕದಾಗಿ, ಕೊನೆಗೆ ಕೊಲೆಸ್ಟ್ರಾಲ್ ತುಂಬಿದ ಎಲ್.ಡಿ.ಎಲ್. ಆಗಿ ಉಳಿಯುತ್ತದೆ. ಒಂದು ಮಿಲಿಮೀಟರ್ ಉದ್ದದಲ್ಲಿ ಸುಮಾರು 45 ಸಾವಿರ ಎಲ್.ಡಿ.ಎಲ್. ಕಣಗಳನ್ನು ಸಾಲಾಗಿ ನಿಲ್ಲಿಸಬಹುದು, ಅಷ್ಟು ಚಿಕ್ಕದು. ಅಷ್ಟು ಚಿಕ್ಕದರ ಹೊಟ್ಟೆಯಲ್ಲೂ ಸುಮಾರು 1,500 ಕೊಲೆಸ್ಟ್ರಾಲ್ ಅಣುಗಳು ಇರುತ್ತವೆ. ಜೀವಕೋಶಗಳಿಗೆ ಕೊಲೆಸ್ಟ್ರಾಲ್ ತಲುಪಿಸುವುದು ಇದರ ಕೆಲಸ.

ನಾಲ್ಕನೆಯದು ಎಚ್.ಡಿ.ಎಲ್. ಬೆಳಗ್ಗೆ ಮನೆಮನೆಗೆ ಬರುವ ಪೌರಕಾರ್ಮಿಕರ ಆಟೋ ಇದ್ದಂತೆ. ಹೆಚ್ಚಾದ ಕೊಲೆಸ್ಟ್ರಾಲನ್ನು ಎತ್ತಿಕೊಂಡು ಲಿವರಿಗೆ ವಾಪಸ್ಸು ತಲುಪಿಸುತ್ತದೆ. ಲಿವರ್ ಅದನ್ನು ಪಿತ್ತರಸದ ಮೂಲಕ ಕರುಳಿಗೆ ಬಿಡುತ್ತದೆ. ಕೊಲೆಸ್ಟ್ರಾಲನ್ನು ಸಕ್ಕರೆಯಂತೆ ಉರಿಸಿ ಮುಗಿಸಲು ದೇಹಕ್ಕೆ ಬರುವುದಿಲ್ಲ. ಹೊರಗೆ ಹೋಗಲು ಇರುವ ಮುಖ್ಯ ದಾರಿ ಇದೊಂದೇ.

ಎಲ್.ಡಿ.ಎಲ್. 'ಕೆಟ್ಟ ಕೊಲೆಸ್ಟ್ರಾಲ್', ಎಚ್.ಡಿ.ಎಲ್. 'ಒಳ್ಳೆಯ ಕೊಲೆಸ್ಟ್ರಾಲ್' ಎಂದು ಹೇಳುವುದನ್ನು ಕೇಳಿದ್ದೀರಿ. ಎರಡರಲ್ಲಿ ಇರುವ ಕೊಲೆಸ್ಟ್ರಾಲ್ ಒಂದೇ. ಬೇರೆಯಾಗಿರುವುದು ಗಾಡಿ ಮತ್ತು ಅದು ಹೋಗುವ ದಿಕ್ಕು. ಇನ್ನೊಂದು ಮಾತು: ಔಷಧಿಯಿಂದ ಎಚ್.ಡಿ.ಎಲ್. ಏರಿಸಿ ನೋಡಿದ ದೊಡ್ಡ ಪ್ರಯೋಗಗಳಲ್ಲಿ ಹೃದಯಾಘಾತ ನಿರೀಕ್ಷಿಸಿದಂತೆ ಕಡಿಮೆಯಾಗಲಿಲ್ಲ. ಆದ್ದರಿಂದ "ನನ್ನ ಒಳ್ಳೇದು ಚೆನ್ನಾಗಿದೆ, ಕೆಟ್ಟದ್ದು ಜಾಸ್ತಿ ಇದ್ದರೂ ಪರವಾಗಿಲ್ಲ" ಎಂದು ಸಮಾಧಾನ ಪಡಬಾರದು.

4. ಬಾಗಿಲು ತೆರೆಯದಿದ್ದರೆ?

ಸರಕು ಬಂದರೆ ಸಾಲದು, ಮನೆಯವರು ಬಾಗಿಲು ತೆರೆದು ಇಳಿಸಿಕೊಳ್ಳಬೇಕು. ಜೀವಕೋಶದ ಪೊರೆಯಲ್ಲಿ ಎಲ್.ಡಿ.ಎಲ್. ಅನ್ನು ಗುರುತು ಹಿಡಿದು ಒಳಗೆ ಎಳೆದುಕೊಳ್ಳುವ ಬಾಗಿಲುಗಳಿವೆ. ಇವಕ್ಕೆ ರಿಸೆಪ್ಟರ್ ಅಂದರೆ ಗ್ರಾಹಕ ಎನ್ನುತ್ತಾರೆ. ಇಂತಹ ಬಾಗಿಲುಗಳು ಹೆಚ್ಚಾಗಿ ಇರುವುದು ಲಿವರಿನಲ್ಲಿ. ಗಾಡಿ ಬಾಗಿಲಿಗೆ ಅಂಟಿದೊಡನೆ ಪೊರೆ ಒಳಕ್ಕೆ ಮಡಚಿಕೊಂಡು ಅದನ್ನು ನುಂಗುತ್ತದೆ. ಸರಕು ಒಳಗೆ ಉಳಿಯುತ್ತದೆ, ಬಾಗಿಲು ಮತ್ತೆ ಮೇಲಕ್ಕೆ ಬಂದು ಮುಂದಿನ ಗಾಡಿಗೆ ಕಾಯುತ್ತದೆ. ಇಷ್ಟೆಲ್ಲ ಸುಮಾರು ಹತ್ತು ನಿಮಿಷದಲ್ಲಿ ನಡೆದುಹೋಗುತ್ತದೆ.

ಇದನ್ನು 1970ರ ದಶಕದಲ್ಲಿ ಕಂಡುಹಿಡಿದವರು ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. ಎಳೆಯ ವಯಸ್ಸಿನಲ್ಲೇ ಹೃದಯಾಘಾತಕ್ಕೆ ತುತ್ತಾಗುವ ಮಕ್ಕಳಿರುವ ಕುಟುಂಬಗಳ ರೋಗವನ್ನು ಅವರು ಅಭ್ಯಾಸ ಮಾಡಿದರು. ಆ ಮಕ್ಕಳು ತಪ್ಪು ಊಟ ಮಾಡಿದವರಲ್ಲ. ಅವರ ಜೀವಕೋಶಗಳಲ್ಲಿ ಈ ಬಾಗಿಲೇ ಇರಲಿಲ್ಲ, ಇಲ್ಲವೇ ಕೆಲಸ ಮಾಡುತ್ತಿರಲಿಲ್ಲ. ಗಾಡಿಗಳು ಇಳಿಸಲು ಜಾಗವಿಲ್ಲದೆ ರಕ್ತದಲ್ಲೇ ಸುತ್ತುತ್ತಿದ್ದವು. ಈ ಕೆಲಸಕ್ಕಾಗಿ ಇಬ್ಬರಿಗೂ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ದೋಷ ಬಂದಿರುವವರು ಜಗತ್ತಿನಲ್ಲಿ ಸುಮಾರು 250ರಿಂದ 300 ಜನರಿಗೆ ಒಬ್ಬರಂತೆ ಇದ್ದಾರೆ. ಇವರು ತೆಳ್ಳಗಿರಬಹುದು, ಶುದ್ಧ ಸಸ್ಯಾಹಾರಿಗಳಾಗಿರಬಹುದು. ಆದರೂ ಎಲ್.ಡಿ.ಎಲ್. ಬಹಳ ಹೆಚ್ಚಿರುತ್ತದೆ. ಕೆಲವರಿಗೆ ಹಿಮ್ಮಡಿಯ ನರ, ಮೊಣಕೈ, ಬೆರಳ ಗೆಣ್ಣುಗಳ ಮೇಲೆ ಗಂಟು, ಕಣ್ಣುರೆಪ್ಪೆಯ ಮೂಲೆಯಲ್ಲಿ ಹಳದಿ ಮಚ್ಚೆ ಕಾಣಬಹುದು. ನಿಮ್ಮ ಮನೆತನದಲ್ಲಿ ಗಂಡಸರಿಗೆ 55ರೊಳಗೆ, ಹೆಂಗಸರಿಗೆ 60ರೊಳಗೆ ಹೃದಯಾಘಾತ ಆಗಿದ್ದರೆ ಅಣ್ಣ-ತಮ್ಮ, ಅಕ್ಕ-ತಂಗಿ, ಮಕ್ಕಳು ಎಲ್ಲರೂ ಒಮ್ಮೆ ಪರೀಕ್ಷೆ ಮಾಡಿಸಲೇಬೇಕು. 'ಹಣೆಬರಹ' ಎಂದು ಕೈಚೆಲ್ಲುವ ವಿಷಯ ಇದಲ್ಲ. ಬೇಗ ಗೊತ್ತಾದರೆ ಔಷಧಿ ಇದೆ.

5. ಹೆಣ್ಣುಮಕ್ಕಳು ವಿಶೇಷವಾಗಿ ತಿಳಿಯಬೇಕಾದದ್ದು

ಮನೆಯಲ್ಲಿ ಗಂಡನ ಶುಗರ್, ಮಾವನ ಬಿ.ಪಿ., ಮಕ್ಕಳ ಜ್ವರ ಎಲ್ಲದಕ್ಕೂ ಆಸ್ಪತ್ರೆಗೆ ಓಡುವವರು ನಾವೇ. ನಮ್ಮ ಸರದಿ ಮಾತ್ರ ಬರುವುದೇ ಇಲ್ಲ. ಹೃದಯದ ಕಾಯಿಲೆ ಗಂಡಸರದ್ದು ಎನ್ನುವ ನಂಬಿಕೆಯೂ ಇದಕ್ಕೆ ಕಾರಣ. ಕೆಳಗಿನ ಮೂರು ಸಂಗತಿಗಳನ್ನು ಗಮನಿಸಿ.

ಮುಟ್ಟು ನಿಲ್ಲುವುದು: ಈಸ್ಟ್ರೊಜೆನ್ ಹಾರ್ಮೋನು ಲಿವರಿನ ಬಾಗಿಲುಗಳನ್ನು ಹೆಚ್ಚಿಸುತ್ತದೆ. ಮುಟ್ಟು ನಿಂತ ಮೇಲೆ ಈ ಹಾರ್ಮೋನು ಇಳಿಯುತ್ತದೆ, ಬಾಗಿಲು ಕಡಿಮೆಯಾಗುತ್ತವೆ, ಎಲ್.ಡಿ.ಎಲ್. ಏರುತ್ತದೆ. ಊಟ ಮೊದಲಿನಂತೆಯೇ ಇದ್ದರೂ ಹೀಗಾಗುತ್ತದೆ. 45 ದಾಟಿದ ಮೇಲೆ ಹಳೆಯ ರಿಪೋರ್ಟನ್ನು ನಂಬಿಕೊಂಡು ಕೂರಬಾರದು.

ಥೈರಾಯ್ಡ್: ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗಲೂ ಬಾಗಿಲುಗಳು ಕಡಿಮೆಯಾಗುತ್ತವೆ. ಈ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕೊಲೆಸ್ಟ್ರಾಲ್ ಹೆಚ್ಚು ಬಂದಾಗ ಥೈರಾಯ್ಡ್ ಪರೀಕ್ಷೆಯ ಬಗ್ಗೆಯೂ ಡಾಕ್ಟರನ್ನು ಕೇಳಿ.

ಬಸಿರು: ಮಗುವಿನ ಬೆಳವಣಿಗೆಗೆ ಬೇಕಾದ್ದರಿಂದ ಗರ್ಭಿಣಿಯರ ರಕ್ತದಲ್ಲಿ ಕೊಲೆಸ್ಟ್ರಾಲ್ ತಾನಾಗಿಯೇ ಏರುತ್ತದೆ. ಇದಕ್ಕೆ ಗಾಬರಿ ಬೇಡ. ಆದರೆ ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಬಸಿರಾದರೆ, ಅಥವಾ ಆಗಬೇಕೆಂದಿದ್ದರೆ ಕೂಡಲೇ ಡಾಕ್ಟರಿಗೆ ತಿಳಿಸಬೇಕು.

6. ರಕ್ತನಾಳದಲ್ಲಿ ಏನಾಗುತ್ತದೆ?

ರಸ್ತೆಯಲ್ಲಿ ಗಾಡಿಗಳು ಹೆಚ್ಚಾದರೆ ಸಿಕ್ಕಸಿಕ್ಕಲ್ಲಿ ನಿಲ್ಲಿಸುತ್ತಾರೆ. ಹಾಗೆಯೇ ಎಲ್.ಡಿ.ಎಲ್. ಹೆಚ್ಚಾದಾಗ ಅವು ರಕ್ತನಾಳದ ಒಳಗೋಡೆಯೊಳಗೆ ನುಸುಳಿ ಅಲ್ಲೇ ಸಿಕ್ಕಿಕೊಳ್ಳುತ್ತವೆ, ಕೆಡುತ್ತವೆ. ಅವನ್ನು ತೆಗೆಯಲು ಬಂದ ಬಿಳಿ ರಕ್ತಕಣಗಳು ತಿಂದು ತಿಂದು ಜಿಡ್ಡಿನಿಂದ ಉಬ್ಬಿ ಅಲ್ಲೇ ಸಾಯುತ್ತವೆ. ವರ್ಷಗಟ್ಟಲೆ ಹೀಗೆ ನಡೆದು ಗೋಡೆಯೊಳಗೆ ಒಂದು ಗುಳ್ಳೆ ಬೆಳೆಯುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ., ಬೀಡಿ-ಸಿಗರೇಟು, ತಂಬಾಕು ಇವು ಗೋಡೆಯನ್ನು ಇನ್ನಷ್ಟು ಹಾಳು ಮಾಡುತ್ತವೆ.

ಇಷ್ಟಾದರೂ ನೋವಿಲ್ಲ, ಸೂಚನೆ ಇಲ್ಲ. ಒಂದು ದಿನ ಆ ಗುಳ್ಳೆಯ ಮೇಲ್ಪದರ ಒಡೆದರೆ, ಗಾಯವಾಯಿತೆಂದು ತಿಳಿದು ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ಹೃದಯದ ನಾಳ ಕೆಲವು ನಿಮಿಷಗಳಲ್ಲಿ ಮುಚ್ಚಿಹೋಗಬಹುದು. "ನಿನ್ನೆ ಚೆನ್ನಾಗಿಯೇ ಇದ್ದರು" ಎಂದು ನಾವು ಸಾವಿನ ಮನೆಯಲ್ಲಿ ಹೇಳುವುದು ಇದನ್ನೇ. ಜಯದೇವ ಹೃದ್ರೋಗ ಸಂಸ್ಥೆಯವರು 40 ವರ್ಷದೊಳಗಿನ ಹೃದ್ರೋಗಿಗಳಿಗಾಗಿಯೇ 2017ರಿಂದ ಪ್ರತ್ಯೇಕ ದಾಖಲೆ ಇಡಲು ಆರಂಭಿಸಿದರು ಎಂದರೆ ಇದು ಮುದುಕರ ಕಾಯಿಲೆ ಮಾತ್ರವಲ್ಲ ಎಂದು ತಿಳಿಯಬೇಕು.

ಹೃದಯಾಘಾತದ ಲಕ್ಷಣ ಹೆಂಗಸರಲ್ಲಿ ಕೆಲವೊಮ್ಮೆ ಬೇರೆ ರೀತಿ ಇರುತ್ತದೆ. ಎದೆನೋವಿನ ಜೊತೆಗೆ, ಅಥವಾ ಎದೆನೋವು ಅಷ್ಟಾಗಿ ಇಲ್ಲದೆಯೂ, ದವಡೆ, ಬೆನ್ನು, ಭುಜದಲ್ಲಿ ನೋವು, ಉಸಿರುಕಟ್ಟುವುದು, ವಾಕರಿಕೆ, ತಣ್ಣನೆ ಬೆವರು, ಹಿಂದೆಂದೂ ಇಲ್ಲದ ಸುಸ್ತು ಬರಬಹುದು. "ಗ್ಯಾಸ್ ಇರಬೇಕು" ಅಂತ ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಊರಿನಲ್ಲಿರುವ ನಿಮ್ಮ ತಂದೆ-ತಾಯಿಗೂ ತಿಳಿಸಿ: 2023ರಲ್ಲಿ ಸರ್ಕಾರ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಮಾಡಲಾಗಿದೆ.

7. ಅಡುಗೆಮನೆಯ ಲೆಕ್ಕ

ಎಣ್ಣೆ ಪ್ಯಾಕೆಟ್ಟಿನ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಎಂದು ದೊಡ್ಡದಾಗಿ ಬರೆದಿದ್ದರೆ ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಕೊಲೆಸ್ಟ್ರಾಲ್ ಇರುವುದು ಪ್ರಾಣಿಗಳಿಂದ ಬರುವ ಆಹಾರದಲ್ಲಿ. ಕಡಲೆಕಾಯಿ, ಸೂರ್ಯಕಾಂತಿ, ಕೊಬ್ಬರಿ, ತಾಳೆ ಯಾವ ಗಿಡದ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟ್ರಾಲ್ ಇರುವುದೇ ಇಲ್ಲ.

ನಾವು ನೋಡಬೇಕಾದದ್ದು ಬೇರೆ. ಗಟ್ಟಿಯಾಗುವ ಕೊಬ್ಬು, ಅಂದರೆ ಸ್ಯಾಚುರೇಟೆಡ್ ಕೊಬ್ಬು ಹೆಚ್ಚು ತಿಂದರೆ ಲಿವರಿನ ಬಾಗಿಲುಗಳ ಕೆಲಸ ಕಡಿಮೆಯಾಗುತ್ತದೆ. ಆಗ ಎಲ್.ಡಿ.ಎಲ್. ರಸ್ತೆಯಲ್ಲೇ ಉಳಿಯುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಈ ಕೊಬ್ಬು ಹತ್ತರಲ್ಲಿ ಒಂಬತ್ತು ಪಾಲು, ತಾಳೆ ಎಣ್ಣೆಯಲ್ಲಿ ಅರ್ಧದಷ್ಟು, ಕಡಲೆಕಾಯಿ ಎಣ್ಣೆಯಲ್ಲಿ ಸುಮಾರು ಐದನೇ ಒಂದು ಪಾಲು. ತುಪ್ಪ, ಬೆಣ್ಣೆಯಲ್ಲೂ ಅದು ಹೆಚ್ಚು. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಎಂದಾದರೊಮ್ಮೆ ಬೆಣ್ಣೆ ಹಾಕಿದ ಮಸಾಲೆ ದೋಸೆ ತಿಂದರೆ ಯಾರೂ ಬೈಯುವುದಿಲ್ಲ. ದಿನಾ ತಿಂದರೆ ಮಾತ್ರ ಲೆಕ್ಕ ಬೇರೆ.

ವನಸ್ಪತಿಯಲ್ಲಿದ್ದ ಟ್ರಾನ್ಸ್ ಕೊಬ್ಬು ಎಲ್ಲಕ್ಕಿಂತ ಕೆಟ್ಟದ್ದು. ಅದು ಎಲ್.ಡಿ.ಎಲ್. ಏರಿಸುವುದಲ್ಲದೆ ಎಚ್.ಡಿ.ಎಲ್. ಇಳಿಸುತ್ತದೆ. ನಮ್ಮ ದೇಶದಲ್ಲಿ 2022ರ ಜನವರಿಯಿಂದ ಎಣ್ಣೆ-ಕೊಬ್ಬುಗಳಲ್ಲಿ ಇದು ನೂರಕ್ಕೆ 2 ಪಾಲು ಮೀರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿದೆ.

ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಮಾರುವ ಸಂಘಗಳಿಗೆ ಒಂದು ಮಾತು. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಅದು ಕೆಡುತ್ತದೆ. ಕಪ್ಪಾದ, ನೊರೆ ಬರುವ, ಘಾಟು ಹೊಡೆಯುವ ಎಣ್ಣೆ ಬೇಡವೇ ಬೇಡ. ಕೆಟ್ಟ ವಸ್ತುಗಳ ಅಂಶ ನೂರಕ್ಕೆ 25 ದಾಟಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈಯಿಂದ ಇದೆ. ನಾಲ್ಕು ಕಾಸು ಉಳಿಸಲು ಹೋಗಿ ನಮ್ಮ ತಿಂಡಿ ತಿನ್ನುವ ಮಕ್ಕಳ ಆರೋಗ್ಯ ಕೆಡಿಸಬಾರದು, ಸಂಘದ ಹೆಸರನ್ನೂ ಕೆಡಿಸಬಾರದು.

ಮೊಟ್ಟೆಯ ವಿಷಯ: ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 200 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದೆ. ಆದರೆ ಊಟದಿಂದ ಹೆಚ್ಚು ಬಂದಾಗ ಲಿವರ್ ತನ್ನ ತಯಾರಿಕೆಯನ್ನು ತಗ್ಗಿಸಿಕೊಳ್ಳುತ್ತದೆ. ಆರೋಗ್ಯವಾಗಿರುವ ಹೆಚ್ಚಿನವರಿಗೆ ದಿನಕ್ಕೊಂದು ಮೊಟ್ಟೆ ತೊಂದರೆಯಿಲ್ಲ. ಬೆಳೆಯುವ ಮಕ್ಕಳಿಗೆ, ಬಾಣಂತಿಯರಿಗೆ ಕೊಲೆಸ್ಟ್ರಾಲ್ ಹೆಸರು ಹೇಳಿ ಮೊಟ್ಟೆ ತಪ್ಪಿಸಬೇಡಿ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಇರುವವರು ಡಾಕ್ಟರನ್ನು ಕೇಳಿ ತಿನ್ನಿ.

ರಾಗಿ, ಕಾಳುಗಳು, ಸೊಪ್ಪು, ಹುರುಳಿಕಾಯಿ, ಚಳಿಗಾಲದ ಅವರೆಕಾಳು ಇವುಗಳಲ್ಲಿ ನಾರು ಇದೆ. ನೀರಿನಲ್ಲಿ ಅಂಟಾಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಕಳಿಸುತ್ತದೆ. ಹೊಸ ಪಿತ್ತರಸ ಮಾಡಲು ಲಿವರ್ ರಕ್ತದಿಂದ ಇನ್ನಷ್ಟು ಕೊಲೆಸ್ಟ್ರಾಲ್ ಎಳೆದುಕೊಳ್ಳಬೇಕಾಗುತ್ತದೆ. ಹೀಗೆ ಎಲ್.ಡಿ.ಎಲ್. ಸ್ವಲ್ಪ ಇಳಿಯುತ್ತದೆ. ಅವರೆಕಾಯಿ ಸಾರು ಬೇರೆ, ಎಣ್ಣೆಯಲ್ಲಿ ಕರಿದ ಅವರೆಬೇಳೆ ಬೇರೆ ಎಂಬುದು ಮಾತ್ರ ನೆನಪಿರಲಿ! ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯುವುದೂ ಅಷ್ಟೇ ಮುಖ್ಯ. ಎಣ್ಣೆ ಒಟ್ಟಿನಲ್ಲಿ ತಲೆಗೆ ತಿಂಗಳಿಗೆ ಅರ್ಧ ಲೀಟರ್ ಮೀರದಿರಲಿ.

8. ರಿಪೋರ್ಟ್ ಓದುವುದು ಹೇಗೆ?

ಈ ಪರೀಕ್ಷೆಗೆ ಲಿಪಿಡ್ ಪ್ರೊಫೈಲ್ ಎಂದು ಹೆಸರು. ಬೇರೆ ತೊಂದರೆಯಿಲ್ಲದ ಹೆಂಗಸರಿಗೆ ಸಾಮಾನ್ಯವಾಗಿ ಇರಬೇಕಾದ ಅಂಕಿಗಳು, ಒಂದು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ:

– ಒಟ್ಟು ಕೊಲೆಸ್ಟ್ರಾಲ್: 200ಕ್ಕಿಂತ ಕಡಿಮೆ
– ಎಲ್.ಡಿ.ಎಲ್.: 100ಕ್ಕಿಂತ ಕಡಿಮೆ
– ಎಚ್.ಡಿ.ಎಲ್.: 50 ಅಥವಾ ಹೆಚ್ಚು
– ಟ್ರೈಗ್ಲಿಸರೈಡ್: 150ಕ್ಕಿಂತ ಕಡಿಮೆ

ಸಂಘದ ಲೆಕ್ಕ ಬರೆಯುವವರಿಗೆ ಸುಲಭವಾದ ಇನ್ನೊಂದು ಲೆಕ್ಕವಿದೆ. ಒಟ್ಟು ಕೊಲೆಸ್ಟ್ರಾಲಿನಲ್ಲಿ ಎಚ್.ಡಿ.ಎಲ್. ಕಳೆಯಿರಿ. ಉಳಿದದ್ದು 130ರ ಕೆಳಗಿರಬೇಕು. ಉದಾಹರಣೆಗೆ ಒಟ್ಟು 190, ಎಚ್.ಡಿ.ಎಲ್. 35 ಎಂದುಕೊಳ್ಳಿ. ಒಟ್ಟು ಸರಿಯಾಗಿಯೇ ಕಾಣುತ್ತದೆ. ಕಳೆದರೆ 155! ನಮ್ಮ ಜನರಲ್ಲಿ ಟ್ರೈಗ್ಲಿಸರೈಡ್ ಹೆಚ್ಚು, ಎಚ್.ಡಿ.ಎಲ್. ಕಡಿಮೆ ಇರುವುದು ಸಾಮಾನ್ಯವಾದ್ದರಿಂದ ಈ ಲೆಕ್ಕ ಬಹಳ ಉಪಯೋಗಕ್ಕೆ ಬರುತ್ತದೆ. ಹೃದಯಾಘಾತ ಆದವರಿಗೆ, ಬಹುದಿನದ ಸಕ್ಕರೆ ಕಾಯಿಲೆ ಇರುವವರಿಗೆ ಡಾಕ್ಟರು ಎಲ್.ಡಿ.ಎಲ್. 70ರ ಕೆಳಗೆ, ಕೆಲವರಿಗೆ 55ರ ಕೆಳಗೆ ಇಳಿಸಲು ಹೇಳುತ್ತಾರೆ. ಲ್ಯಾಬಿನ ಹಾಳೆಯಲ್ಲಿ 'ನಾರ್ಮಲ್' ಎಂದಿದ್ದರೂ ಅದು ಅವರಿಗೆ ನಾರ್ಮಲ್ ಅಲ್ಲ.

ಹತ್ತಿರದ ನಮ್ಮ ಕ್ಲಿನಿಕ್‌ನಲ್ಲಿ ಬಿ.ಪಿ., ಸಕ್ಕರೆ ನೋಡಿಸಿ, ಲಿಪಿಡ್ ಪರೀಕ್ಷೆ ಎಲ್ಲಿ ಮಾಡಿಸಬೇಕೆಂದು ಅಲ್ಲೇ ಕೇಳಿ. ಮಲ್ಲೇಶ್ವರದವರಿಗೆ ಕೆ.ಸಿ. ಜನರಲ್ ಆಸ್ಪತ್ರೆ, ಚಾಮರಾಜಪೇಟೆಯವರಿಗೆ ವಿಕ್ಟೋರಿಯಾ ಆಸ್ಪತ್ರೆ ಹತ್ತಿರವೇ ಇವೆ.

9. ಮಾತ್ರೆ ಯಾಕೆ ಬಿಡಬಾರದು?

ಡಾಕ್ಟರು ಕೊಡುವ ಸ್ಟಾಟಿನ್ ಮಾತ್ರೆಯ ಕಥೆ ಒಂದು ಬೂಷ್ಟಿನಿಂದ ಆರಂಭವಾಯಿತು. 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ ಬೂಷ್ಟುಗಳನ್ನು ಪರೀಕ್ಷಿಸುತ್ತಾ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಡೆಯುವ ವಸ್ತುವನ್ನು ಕಂಡುಹಿಡಿದರು. 1987ರಲ್ಲಿ ಈ ಜಾತಿಯ ಮೊದಲ ಮಾತ್ರೆ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು.

ಈ ಮಾತ್ರೆ ಲಿವರಿನೊಳಗೆ ಕೊಲೆಸ್ಟ್ರಾಲ್ ತಯಾರಾಗುವುದನ್ನು ಕಡಿಮೆ ಮಾಡುತ್ತದೆ. ಮನೆಯಲ್ಲಿ ಸಾಮಾನು ಕಡಿಮೆಯಾದಾಗ ನಾವು ಅಂಗಡಿಗೆ ಹೋಗುವಂತೆ, ಲಿವರ್ ಹೊಸ ಬಾಗಿಲುಗಳನ್ನು ತೆರೆದು ರಕ್ತದಲ್ಲಿ ಸುತ್ತುತ್ತಿರುವ ಎಲ್.ಡಿ.ಎಲ್. ಅನ್ನು ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಅಂಕಿ ಇಳಿಯುವುದು ಹೀಗೆ. ಅಂಕಿ ನಾರ್ಮಲ್ ಬಂದದ್ದು ಮಾತ್ರೆಯಿಂದ. ಮಾತ್ರೆ ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಬಾಗಿಲು ಮತ್ತೆ ಕಡಿಮೆಯಾಗಿ ಅಂಕಿ ಮೊದಲಿನ ಜಾಗಕ್ಕೇ ಬರುತ್ತದೆ. ಅದೂ ಯಾವ ನೋವೂ ಇಲ್ಲದೆ!

ಮೈಕೈ ನೋವು ಬಂದರೆ ಡಾಕ್ಟರಿಗೆ ಹೇಳಿ. ಪ್ರಮಾಣ ಕಡಿಮೆ ಮಾಡಬಹುದು, ಬೇರೆ ಮಾತ್ರೆ ಕೊಡಬಹುದು. ದುಡ್ಡಿನ ತೊಂದರೆಯಿದ್ದರೆ ಅದನ್ನೂ ನಾಚದೆ ಹೇಳಿ. ಜನೌಷಧಿ ಕೇಂದ್ರಗಳಲ್ಲಿ ಇದೇ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೆ. ಬೆಳ್ಳುಳ್ಳಿ, ಮೆಂತ್ಯ ಊಟದಲ್ಲಿ ಇರಲಿ, ಆದರೆ ಅವು ಮಾತ್ರೆಯ ಜಾಗಕ್ಕೆ ಬರಲಾರವು. ಪಕ್ಕದ ಮನೆಯವರ ಮಾತು ಕೇಳಿ ಮಾತ್ರೆ ಶುರು ಮಾಡುವುದೂ ಬೇಡ, ನಿಲ್ಲಿಸುವುದೂ ಬೇಡ.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ 45 ದಾಟಿದ ಎಷ್ಟು ಜನ ಇದುವರೆಗೆ ಒಮ್ಮೆಯೂ ಲಿಪಿಡ್ ಪರೀಕ್ಷೆ ಮಾಡಿಸಿಲ್ಲ? ಯಾಕೆ?
2. ಡಾಕ್ಟರು ಕೊಟ್ಟ ಮಾತ್ರೆಯನ್ನು ಕೇಳದೆ ನಿಲ್ಲಿಸಿದವರು ಯಾರಾದರೂ ಇದ್ದಾರೆಯೇ? ಈ ವಾರ ಅವರ ಜೊತೆ ಆಸ್ಪತ್ರೆಗೆ ಯಾರು ಹೋಗುತ್ತೀರಿ?
3. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ತರುತ್ತೀರಿ? ತಲೆಗೆ ಎಷ್ಟಾಯಿತು?
4. ತಿಂಡಿ ತಯಾರಿಸುವ ಸಂಘಗಳು ಕರಿದ ಎಣ್ಣೆಯನ್ನು ಏನು ಮಾಡುತ್ತಿವೆ?
5. ರಾತ್ರಿ ಹೊತ್ತು ಸದಸ್ಯೆಯೊಬ್ಬರಿಗೆ ಎದೆನೋವು ಬಂದರೆ ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು? ಉತ್ತರವನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಓದು ಬಾರದ ಸಹೋದರಿಯರಿಗಾಗಿ ಈ ಪಾಠವನ್ನು ಎರಡು ಸಭೆಗಳಲ್ಲಿ ನಿಧಾನವಾಗಿ ಓದಿ ಹೇಳಿರಿ. ಉಳಿತಾಯದ ಪುಸ್ತಕವನ್ನು ಜೋಪಾನ ಮಾಡುವಷ್ಟೇ ಜೋಪಾನವಾಗಿ ನಿಮ್ಮ ರಿಪೋರ್ಟುಗಳನ್ನೂ ಒಂದು ಕವರಿನಲ್ಲಿ ಇಡಿ. ಮನೆಯವರೆಲ್ಲರ ಆರೋಗ್ಯ ನೋಡುವ ನೀವು ಈ ಸಲ ಸಾಲಿನಲ್ಲಿ ಮೊದಲು ನಿಲ್ಲಿರಿ.